ಪಿಕಪ್ ಗಾಡಿಗೆ ಹೊಸ ಕ್ಲಚ್: ಕೊಳ್ಳುವ ಮುನ್ನ ನಾಲ್ಕು ಮಾತು



ಕೊಯ್ದ ಕಾಫಿ ಹಣ್ಣು ಅದೇ ದಿನ ಪಲ್ಪರಿಗೆ ಬೀಳಬೇಕು. ಇಳಿಸಿದ ಅಡಿಕೆ ಕೊನೆ ತಡವಿಲ್ಲದೆ ಸುಲಿಯುವವರ ಮುಂದೆ ಬಂದು ಬೀಳಬೇಕು. ಈ ಎರಡು ಕೆಲಸಕ್ಕೂ ನಾವು ನಂಬಿರುವುದು ಸಂಘದ ಪಿಕಪ್ ಗಾಡಿಯನ್ನು. ಆ ಗಾಡಿಯ ಎಂಜಿನಿನ ಬಲವೆಲ್ಲ ಚಕ್ರಕ್ಕೆ ಹೋಗುವುದು ಊಟದ ತಟ್ಟೆಯಷ್ಟು ಅಗಲದ ಒಂದು ಕ್ಲಚ್ ಪ್ಲೇಟಿನ ಮೂಲಕ. ಕಳೆದ ಕೊಯ್ಲಿನಲ್ಲಿ ಗಾಡಿ ನಾಲ್ಕು ದಿನ ಏಕೆ ಬರಲಿಲ್ಲವೆಂದು ಹಲವರು ಕೇಳಿದ್ದೀರಿ. ಅದಕ್ಕೆ ಉತ್ತರವೂ, ಅದರಿಂದ ನಾವು ಕಲಿತ ಪಾಠವೂ ಇಲ್ಲಿದೆ.

ಪಲ್ಪರಿನ ಮೋಟಾರು ಕೆಟ್ಟಿದ್ದರಿಂದ ಹೊಸದನ್ನು ತರಲು ಗಾಡಿಯೊಡನೆ ನಾವೇ ಬೆಂಗಳೂರಿಗೆ ಹೋಗಿದ್ದೆವು. ಕೃಷ್ಣರಾಜಪುರದ ಆಚೆ ಮೋಟಾರನ್ನೂ ಇತರ ಸಾಮಾನುಗಳನ್ನೂ ಏರಿಸಿಕೊಂಡು ಸಂಜೆ ಹೊರಟರೆ, ಅಲ್ಲಿನ ತೂಗುಸೇತುವೆಯ ಬಳಿ ವಾಹನಗಳ ಸಾಲು ಕದಲದೆ ನಿಂತಿತ್ತು. ಹತ್ತು ಅಡಿ ಚಲಿಸುವುದು, ನಿಲ್ಲುವುದು. ಮತ್ತೆ ಹತ್ತು ಅಡಿ. ಮುಕ್ಕಾಲು ಗಂಟೆ ಹೀಗೆ ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. "ಎಂಜಿನ್ ಕೂಗ್ತದೆ, ಗಾಡಿ ಎಳೀತಿಲ್ಲ ಅಣ್ಣ" ಎಂದು ನಮ್ಮ ಡ್ರೈವರ್ ಕೈಚೆಲ್ಲಿದ. ಬೇರೊಂದು ಗಾಡಿಗೆ ಕಟ್ಟಿಸಿ, ಹಳೇ ಮದ್ರಾಸ್ ರಸ್ತೆಯಲ್ಲಿ ಇಂದಿರಾನಗರದ ಕಡೆಯ ಒಂದು ವರ್ಕ್‌ಶಾಪಿಗೆ ಎಳೆಸಿಕೊಂಡು ಹೋದೆವು.

ನಮ್ಮ ಮನಸ್ಸಿನಲ್ಲಿ ಇದ್ದ ಪ್ರಶ್ನೆ ಒಂದೇ: ಯಾವ ಕಂಪನಿಯ ಪ್ಲೇಟು ತರಬೇಕು? ಅಲ್ಲಿದ್ದ ಹಿರಿಯ ಮೆಕ್ಯಾನಿಕರು ನಕ್ಕರು. "ಇದು ಯಾಕೆ ಸತ್ತಿತು ಅಂತ ಮೊದಲು ನೋಡೋಣ ಸಾರ್. ಆಮೇಲೆ ಹೊಸದರ ಮಾತು." ಗೇರ್‌ಬಾಕ್ಸ್ ಇಳಿಸಿದಾಗ ಸತ್ಯ ಹೊರಬಿತ್ತು. ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲು ಸೋರಿ ಲೈನಿಂಗು ಎಣ್ಣೆ ಕುಡಿದಿತ್ತು. ಪ್ರೆಷರ್ ಪ್ಲೇಟಿನ ಬೆರಳುಗಳು ಒಂದೊಂದು ಒಂದೊಂದು ಎತ್ತರಕ್ಕೆ ಸವೆದಿದ್ದವು. ಫ್ಲೈವೀಲಿನ ಮೇಲೆ ಕಾದು ನೀಲಿಗಟ್ಟಿದ ಕಲೆಗಳಿದ್ದವು. ಜೂನಿನಲ್ಲಿ ಪ್ಲೇಟೊಂದನ್ನು ಮಾತ್ರ ಬದಲಾಯಿಸಿ, ಉಳಿದದ್ದು "ಇನ್ನೊಂದು ವರ್ಷ ಬಂದೀತು" ಎಂದು ಬಿಟ್ಟವರು ನಾವೇ. ಲೆಕ್ಕದ ಪುಸ್ತಕದಲ್ಲಿ ಅದನ್ನು ಉಳಿತಾಯವೆಂದು ಕಾಣಿಸಿದವರೂ ನಾವೇ.

ಕ್ಲಚ್ಚಿನ ಕೆಲಸ ಸರಳ. ಎರಡು ಅಂಗೈಗಳ ನಡುವೆ ಒಂದು ತಟ್ಟೆ ಹಿಡಿದು ಗಟ್ಟಿಯಾಗಿ ಒತ್ತಿದರೆ ಕೈ ತಿರುಗಿದಂತೆ ತಟ್ಟೆಯೂ ತಿರುಗುತ್ತದೆ, ಸಡಿಲಿಸಿದರೆ ಜಾರುತ್ತದೆ. ಒಂದು ಅಂಗೈ ಎಂಜಿನಿನ ಫ್ಲೈವೀಲು, ಇನ್ನೊಂದು ಪ್ರೆಷರ್ ಪ್ಲೇಟು. ಪೆಡಲು ತುಳಿದಾಗ ಹಿಡಿತ ಬಿಡಿಸುವುದು ರಿಲೀಸ್ ಬೇರಿಂಗು. ಪ್ಲೇಟು ಹೊಸದಾಗಿದ್ದು ಒತ್ತುವ ಕೈ ಸೋತಿದ್ದರೆ ಪ್ರಯೋಜನವಿಲ್ಲ. ಜಾರಿದಷ್ಟೂ ಶಾಖ, ಶಾಖವಾದಷ್ಟೂ ಹಿಡಿತ ಕಡಿಮೆ, ಹಿಡಿತ ಕಡಿಮೆಯಾದಷ್ಟೂ ಇನ್ನಷ್ಟು ಜಾರಿಕೆ. ಆದ್ದರಿಂದ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು, ಈ ಮೂರನ್ನೂ ಒಂದೇ ಸೆಟ್ಟಾಗಿ ಕೊಳ್ಳತಕ್ಕದ್ದು. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಮೂರಕ್ಕೂ ಒಂದೇ.

ಮರುದಿನ ಹಳೆಯ ಸಾಮಾನನ್ನು ಗೋಣಿಚೀಲಕ್ಕೆ ಹಾಕಿಕೊಂಡು ಶಿವಾಜಿನಗರಕ್ಕೆ ಹೋದೆವು. ಬೆಂಗಳೂರಿನಲ್ಲಿ ಬಿಡಿಭಾಗಗಳ ದೊಡ್ಡ ಪೇಟೆ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಇದ್ದರೂ, ದಂಡು ಪ್ರದೇಶದವರಿಗೆ ಹತ್ತಿರದ್ದು ಶಿವಾಜಿನಗರ. ಹೊಸ ಮಾಲಿನ ಅಂಗಡಿಗಳೂ ಗುಜರಿಯೂ ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ನಮ್ಮ ಮುಂದೆ ನಾಲ್ಕು ಬಗೆಯ ಮಾಲು ಬಂತು.

ಮೊದಲನೆಯದು, ಗಾಡಿ ತಯಾರಿಸಿದ ಕಂಪನಿಯ ಹೆಸರಿನ ಪೆಟ್ಟಿಗೆ. ಬೆಲೆ ಹೆಚ್ಚು, ಚಿಂತೆ ಕಡಿಮೆ. ಎರಡನೆಯದು, ಕ್ಲಚ್ಚನ್ನೇ ತಯಾರಿಸುವ ವ್ಯಾಲಿಯೋ, ಲುಕ್ ಮೊದಲಾದ ಕಂಪನಿಗಳ ಸ್ವಂತ ಪೆಟ್ಟಿಗೆ. ವಾಹನ ಕಂಪನಿಗಳಿಗೆ ಕ್ಲಚ್ ಒದಗಿಸುವವರೂ ಇಂಥವರೇ ಆದ್ದರಿಂದ, ಬಿಲ್ಲು ಕೊಡುವ ಅಂಗಡಿಯಲ್ಲಿ ಕೊಂಡರೆ ಇದು ನಮ್ಮಂಥವರಿಗೆ ಒಪ್ಪುವ ಆಯ್ಕೆ. ಮೂರನೆಯದು, ಹಳೆಯ ಪ್ಲೇಟಿಗೆ ಹೊಸ ಲೈನಿಂಗು ರಿವೆಟ್ ಹೊಡೆದದ್ದು. ಕಣ್ಣಿಗೆ ಹೊಸದು, ಆದರೆ ನಡುವಿನ ಸ್ಪ್ರಿಂಗುಗಳೂ ಹಲ್ಲುಗಳೂ ಹಳೆಯವೇ. ಜೂನಿನಲ್ಲಿ ನಾವು ಹಾಕಿಸಿದ್ದು ಇದನ್ನೇ.

ನಾಲ್ಕನೆಯದು "ಹೆವಿ ಡ್ಯೂಟಿ" ಎನ್ನಿಸಿಕೊಂಡ ಬಟನ್ ಪ್ಲೇಟು. ನಿಜ ಹೇಳಬೇಕೆಂದರೆ ನಮಗೆ ಆಸೆಯಾಯಿತು. ಘಟ್ಟದ ಏರು, ಮೂಟೆಗಳ ಭಾರ, ಗಟ್ಟಿಯಾದದ್ದೇ ಇರಲಿ ಎನ್ನಿಸಿತು. ಅಂಗಡಿಯವರೇ ಬೇಡವೆಂದರು. ಲೋಹ ಬೆರೆತ ಆ ಬಟನ್ನುಗಳು ಶಾಖ ತಡೆಯುವುದು ನಿಜ. ಆದರೆ ಹಿಡಿಯುವಾಗ ಮೆಲ್ಲನೆ ಹಿಡಿಯುವುದಿಲ್ಲ, ಕಚ್ಚುತ್ತವೆ. ತೋಟದ ಕಡಿದಾದ ದಾರಿಯಲ್ಲಿ ಇಂಚಿಂಚಾಗಿ ಹಿಂದೆ ಮುಂದೆ ಸರಿಯಬೇಕಾದ ಗಾಡಿ ಆಗ ಧಡಕ್ಕನೆ ನೆಗೆಯುತ್ತದೆ. ಆ ಹೊಡೆತ ಗೇರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ತಗಲುತ್ತದೆ. ಗಾಡಿ ತಯಾರಕರು ಹೇಳಿದ ಅಳತೆಯ ಮಾಮೂಲು ಲೈನಿಂಗಿನ ಪ್ಲೇಟೇ ನಮಗೆ ತಕ್ಕದ್ದು.

ಅಳತೆಯ ವಿಷಯದಲ್ಲಿ ಗಾಡಿಯ ಹೆಸರು ಹೇಳಿದರೆ ಸಾಲದು. 2017ರ ಏಪ್ರಿಲಿನಿಂದ ದೇಶವೆಲ್ಲ ಬಿಎಸ್-4, 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಬಂದಾಗ, ಹೆಸರು ಒಂದೇ ಉಳಿದರೂ ಒಳಗಿನ ಎಂಜಿನು ಬದಲಾದ ಗಾಡಿಗಳುಂಟು. ಆದಕಾರಣ ಆರ್.ಸಿ. ಪುಸ್ತಕದಲ್ಲಿರುವ ಚಾಸಿಸ್ ಸಂಖ್ಯೆಯನ್ನೂ ಹಳೆಯ ಪ್ಲೇಟನ್ನೂ ಜೊತೆಗೆ ಒಯ್ಯಿರಿ. ಹಳೆಯದರ ಮೇಲೆ ಹೊಸದನ್ನಿಟ್ಟು ವ್ಯಾಸ ನೋಡಿ. ನಡುವಿನ ಹಲ್ಲುಗಳನ್ನು ಎಣಿಸಿ. ಬೇರಿಂಗಿನ ಎತ್ತರ ಹೋಲಿಸಿ. ಪೆಟ್ಟಿಗೆಯ ಸಂಖ್ಯೆಯೂ ಒಳಗಿನ ಸಾಮಾನಿನ ಸಂಖ್ಯೆಯೂ ತಾಳೆಯಾಗಬೇಕು. ಜಿ.ಎಸ್.ಟಿ. ಬಿಲ್ಲಿಲ್ಲದೆ ಹಣ ಎಣಿಸಬೇಡಿ. ಮುಂದೆ ದೂರು ಹೇಳಲು ಆ ಚೀಟಿಯೇ ಆಧಾರ.

ಸಾಮಾನು ಸಿಕ್ಕಿದ ಮೇಲೂ ಕೆಲಸ ಮುಗಿಯಲಿಲ್ಲ. ಫ್ಲೈವೀಲನ್ನು ಹಲಸೂರಿನ ಒಂದು ಲೇತಿಗೆ ಒಯ್ದು ಮುಖ ಸಮ ಮಾಡಿಸಿದೆವು. (ಎರಡು ತುಂಡಿನ, ಒಳಗೆ ಸ್ಪ್ರಿಂಗುಳ್ಳ ಫ್ಲೈವೀಲು ಇರುವ ಗಾಡಿಗಳಲ್ಲಿ ಹೀಗೆ ಮಾಡಿಸುವ ಮುನ್ನ ಕಂಪನಿಯ ಸರ್ವಿಸಿನವರನ್ನು ಕೇಳಬೇಕು.) ಸೋರುತ್ತಿದ್ದ ಸೀಲು ಬದಲಾಯಿತು. ಬೆಲ್ ಹೌಸಿಂಗಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿದರು. ಹಿಂದಿನ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಗುರುತಿಲ್ಲದ ಅಗ್ಗದ ಮಾಲನ್ನು ಇಂದಿಗೂ ನಂಬುವಂತಿಲ್ಲ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ತರುವ ಕಾಯಿಲೆ ಘೋರವಾದದ್ದು. ನಿಮ್ಮ ಊರಿನ ಹುಡುಗರಿಗೂ ಇದನ್ನು ತಿಳಿಸಿರಿ.

ಹೊಸ ಕ್ಲಚ್ ಹಾಕಿದ ಮೊದಲ 500 ಕಿಲೋಮೀಟರು ಭಾರ ಮಿತವಾಗಿರಲಿ. ಏರಿನಲ್ಲಿ ಗಾಡಿಯನ್ನು ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸಬೇಡಿ, ಹ್ಯಾಂಡ್‌ಬ್ರೇಕ್ ಹಾಕಿ. ಪೆಡಲಿನ ಮೇಲೆ ಕಾಲಿಟ್ಟು ಓಡಿಸುವ ಚಾಳಿ ಬಿಡಿಸಿ. ಏರಿನಲ್ಲಿ ಆಕ್ಸಿಲೇಟರ್ ಒತ್ತಿದಾಗ ಎಂಜಿನಿನ ಸದ್ದು ಏರಿ ವೇಗ ಏರದಿದ್ದರೆ ಜಾರಿಕೆ ಶುರುವಾಗಿದೆ ಎಂದರ್ಥ. ಪರೀಕ್ಷೆಯನ್ನು ಅಕ್ಟೋಬರಿನಲ್ಲೇ ಮಾಡಿಸಿ, ಕೊಯ್ಲಿನ ನಡುವೆ ಅಲ್ಲ.

ಗಾಡಿ ಊರಿಗೆ ಬಂದದ್ದು ನಾಲ್ಕನೆಯ ದಿನ ರಾತ್ರಿ. ಅಷ್ಟರಲ್ಲಿ ಕೆಲವರು ಬಾಡಿಗೆ ಜೀಪಿನಲ್ಲಿ ಹಣ್ಣು ಸಾಗಿಸಿದ್ದರು. ಎರಡು ಎಕರೆಯ ಸದಸ್ಯರೊಬ್ಬರಿಗೆ ಅದೂ ಆಗದೆ, ಪಾರ್ಚ್‌ಮೆಂಟ್ ಆಗಬೇಕಿದ್ದ ಅರೇಬಿಕಾ ಹಣ್ಣನ್ನು ಕಣದಲ್ಲಿ ಹರಡಿ ಚೆರಿ ಮಾಡಿದರು. ಅವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು. ನಷ್ಟವಾದವರಿಗೆ ಬೆಲೆಯ ವ್ಯತ್ಯಾಸವನ್ನು ಸಂಘದಿಂದ ತುಂಬಿಕೊಡಬೇಕೆಂದು ಆಡಳಿತ ಮಂಡಲಿಯ ಮುಂದೆ ನಾವೇ ಟಿಪ್ಪಣಿ ಇಟ್ಟಿದ್ದೇವೆ; ಮುಂದಿನ ಮಹಾಸಭೆಯಲ್ಲಿ ಅದು ಚರ್ಚೆಗೆ ಬರಲಿದೆ. ದಯಮಾಡಿ ಎಲ್ಲರೂ ಬನ್ನಿ.

ಜೂನಿನ ಆ ಪ್ಲೇಟು ಈಗ ಸಂಘದ ಕಚೇರಿಯಲ್ಲಿ ನಮ್ಮ ಮೇಜಿನ ಮೇಲಿದೆ. ಗಾಡಿಯ ರಿಪೇರಿಗೆ ಅಗ್ಗದ ದಾರಿ ಹುಡುಕುತ್ತ ಬರುವವರು ಮೊದಲು ಅದನ್ನೊಮ್ಮೆ ಕೈಗೆತ್ತಿಕೊಂಡು ನೋಡಲಿ.

— ಕಾರ್ಯದರ್ಶಿ