ಬೆಲೆಯೇರಿಕೆಯೂ ಮನೆಯ ಲೆಕ್ಕವೂ

ಪೇಟೆಯ ಧಾರಣೆಗಳು ಏರಿದಾಗಲೆಲ್ಲ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಒಂದು ಮೌನವಾದ ವ್ಯವಹಾರವು ನಡೆಯುತ್ತದೆ. ಯಜಮಾನನು ಕಚೇರಿಯಲ್ಲಿ ಸರ್ಕಾರವನ್ನೂ ವರ್ತಕರನ್ನೂ ದೂರಿ ಸಮಾಧಾನಪಟ್ಟುಕೊಳ್ಳುತ್ತಾನೆ. ಗೃಹಿಣಿಯು ಯಾರಿಗೂ ಹೇಳದೆ ತನ್ನ ಪಾಲಿನ ಹಾಲನ್ನು ಬಿಡುತ್ತಾಳೆ. ತೊವ್ವೆಯು ತೆಳ್ಳಗಾಗುತ್ತದೆ, ಸೊಪ್ಪು, ಹಣ್ಣುಗಳು ಅಪರೂಪವಾಗುತ್ತವೆ. ತಿಂಗಳ ಕೊನೆಗೆ ಲೆಕ್ಕವು ಸರಿಹೋಯಿತೆಂದು ಎಲ್ಲರಿಗೂ ತೃಪ್ತಿ. ಇದನ್ನು ನಾವು ಮಿತವ್ಯಯವೆಂದು ಕರೆಯುತ್ತೇವೆ. ವಾಸ್ತವವಾಗಿ ಇದು ದೇಹದಿಂದ ತೆಗೆದ ಸಾಲ. ಮುಂದೆ ಔಷಧದ ಅಂಗಡಿಯಲ್ಲಿ ಬಡ್ಡಿಸಹಿತ ತೀರಿಸತಕ್ಕುದು.

ಆದಾಯವು ಕಡಮೆಯಾದಷ್ಟೂ ಅದರಲ್ಲಿ ಆಹಾರಕ್ಕೆ ಸಲ್ಲುವ ಪಾಲು ಹೆಚ್ಚೆಂದು ಜರ್ಮನಿಯ ಅಂಕಿಅಂಶತಜ್ಞ ಅರ್ನ್ಸ್ಟ್ ಎಂಗೆಲ್ಲನು 1857ರಲ್ಲಿಯೇ ತೋರಿಸಿಕೊಟ್ಟನು. ಆದುದರಿಂದ ಅಲ್ಪಾದಾಯದ ಮನೆಯಲ್ಲಿ ಬೆಲೆಯೇರಿಕೆಯ ಪೆಟ್ಟು ಮೊದಲು ಬೀಳುವುದು ಊಟದ ಮೇಲೆಯೇ. ಉಳಿತಾಯವನ್ನೂ ಅಲ್ಲಿಂದಲೇ ಆರಂಭಿಸಿದರೆ ಬಿದ್ದ ಪೆಟ್ಟು ಇಮ್ಮಡಿಯಾಗುವುದು.

ಹಾಗಾದರೆ ಎಲ್ಲಿಂದ ಆರಂಭಿಸತಕ್ಕುದು? ಲೆಕ್ಕದ ಪುಸ್ತಕದಿಂದ. ಜಪಾನಿನ ಹಾನಿ ಮೊಟೊಕೊ ಎಂಬ ಪತ್ರಕರ್ತೆಯು 1904ರಲ್ಲಿ ಗೃಹಿಣಿಯರಿಗಾಗಿ ಲೆಕ್ಕದ ಪುಸ್ತಕವೊಂದನ್ನು ಪ್ರಕಟಿಸಿದಳು. ಆ ಪದ್ಧತಿಯು ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ನಮಗೆ ಇದರ ಆವಶ್ಯಕತೆಯು ಈಗ ಇನ್ನೂ ಹೆಚ್ಚು. ಚೀಲದಿಂದ ನೋಟನ್ನು ಎಣಿಸಿ ಕೊಡುವಾಗ ಕೈಗೆ ನೋವು ತಿಳಿಯುತ್ತಿತ್ತು. ಮೊಬೈಲಿನಲ್ಲಿ ಬೆರಳೊತ್ತಿ ಕೊಟ್ಟ ಹಣದ ನೋವು ತಿಂಗಳ ಕೊನೆಗೆ ಮಾತ್ರ ತಿಳಿಯುವುದು. ಒಂದು ತಿಂಗಳ ಕಾಲ ಪ್ರತಿಯೊಂದು ವೆಚ್ಚವನ್ನೂ ಬರೆದವರಿಗೆ, ಸೋರುವ ತೂತು ಬಹುಮಟ್ಟಿಗೆ ಅಡಿಗೆಮನೆಯ ಹೊರಗಿರುವುದು ಕಂಡುಬರುತ್ತದೆ.

ಅಡಿಗೆಮನೆಯಲ್ಲಿಯೂ ಉಳಿಸಬೇಕಾದುದು ಉರುವಲನ್ನು, ಊಟವನ್ನಲ್ಲ. ಕುದಿಯುವ ನೀರಿಗೆ ಉರಿಯನ್ನು ಹೆಚ್ಚಿಸಿದರೆ ಅದು ಬೇಗನೆ ಆವಿಯಾಗುವುದೇ ಹೊರತು ಹೆಚ್ಚು ಬಿಸಿಯಾಗುವುದಿಲ್ಲ. ಕುದಿ ಬಂದೊಡನೆ ಉರಿಯನ್ನು ತಗ್ಗಿಸುವುದು, ಪಾತ್ರೆಗೆ ಮುಚ್ಚಳವಿಡುವುದು, ಬೇಳೆಕಾಳುಗಳನ್ನು ಮೊದಲೇ ನೆನೆಯಿಟ್ಟು ಕುಕ್ಕರಿನಲ್ಲಿ ಬೇಯಿಸುವುದು, ಇಷ್ಟರಿಂದಲೇ ಅನಿಲದ ಸಿಲಿಂಡರು ಕೆಲವು ದಿನ ಹೆಚ್ಚು ಬಾಳುವುದು. ದೀಪದ ಲೆಕ್ಕವೂ ಸ್ಪಷ್ಟವಾದುದು. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೆ 9 ಯೂನಿಟ್ ವಿದ್ಯುತ್ತು ಬೇಕು. 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ಟೂ ಬೇಡ.

ಕೊಳ್ಳುವುದರಲ್ಲಿಯೂ ವಿವೇಕವು ಬೇಕು. ಬೆಲೆಯನ್ನು ಏರಿಸದೆ ಪೊಟ್ಟಣದ ತೂಕವನ್ನು ಇಳಿಸುವ ವಾಣಿಜ್ಯಚಾತುರ್ಯವು ಈಗ ಸರ್ವತ್ರ ಕಂಡುಬರುವುದರಿಂದ, ಬೆಲೆಯೊಡನೆ ತೂಕವನ್ನೂ ಓದತಕ್ಕುದು. ಹುಣಿಸೆಹಣ್ಣು, ತೊಗರಿಗಳನ್ನು ಸುಗ್ಗಿಯಲ್ಲಿ ಕೊಳ್ಳುವ ನಮ್ಮ ಹಿರಿಯರ ಪದ್ಧತಿಯನ್ನು ಮರೆಯಬಾರದು. ರಾಗಿಯು ಬಡವರ ಧಾನ್ಯವೆಂಬ ತಾತ್ಸಾರವೂ ಸಲ್ಲದು. ಅದರ 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಮೀರಿದ ಸುಣ್ಣಾಂಶವಿದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಒಬ್ಬರಿಂದಾಗದುದು ನಾಲ್ವರಿಂದಾಗುವುದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಮಂದಿ ಶ್ರಮಜೀವಿಗಳು ಅಲ್ಪ ಹಣವನ್ನು ಕೂಡಿಹಾಕಿ ಹಿಟ್ಟು, ಸಕ್ಕರೆ, ಬೆಣ್ಣೆಗಳ ಅಂಗಡಿಯನ್ನು ತೆರೆದರು. ಸಹಕಾರ ಚಳುವಳಿಯು ಅದರಿಂದ ಬೆಳೆಯಿತು. ನಮ್ಮಲ್ಲಿಯೂ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಅಂತಹ ನಾಡಿನಲ್ಲಿ ಒಂದೇ ಬೀದಿಯ ಐದಾರು ಸಂಸಾರಗಳು ಕೂಡಿ ಮೂಟೆಯ ಲೆಕ್ಕದಲ್ಲಿ ಧಾನ್ಯವನ್ನು ಕೊಂಡು ಹಂಚಿಕೊಳ್ಳುವುದು ಕಷ್ಟವಾಗಬಾರದು.

ಬೆಲೆಗಳನ್ನು ಹತೋಟಿಯಲ್ಲಿಡುವುದು ಸರ್ಕಾರದ ಕರ್ತವ್ಯ. ಪ್ರಜೆಗಳ ಮಿತವ್ಯಯವು ಅದಕ್ಕೆ ನೆಪವಾಗಕೂಡದು. ಆದರೆ ಮನೆಯೊಳಗಿನ ನ್ಯಾಯವು ನಮ್ಮ ಕೈಯಲ್ಲಿಯೇ ಇದೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಯಾರ ಕಾಲು ಮಡಚತಕ್ಕುದೆಂದು ಯಾರೂ ಕೇಳುವುದಿಲ್ಲ. ಲೆಕ್ಕದ ಪುಸ್ತಕದ ಮೊದಲನೆಯ ಸಾಲಿನಲ್ಲಿ ಯಜಮಾನನು ತನ್ನ ಹೋಟೆಲಿನ ಕಾಫಿಯ, ಸಿಗರೇಟಿನ ವೆಚ್ಚವನ್ನು ಬರೆಯಲಿ. ಗೃಹಿಣಿಯ ಲೋಟದ ಹಾಲಿನ ಮಾತು ಆ ಪಟ್ಟಿಯಲ್ಲಿ ಬರುವುದೇ ಬೇಡ.