ಇಲ್ಲವೆಂದರೆ ಇಲ್ಲ, ಉಂಟೆಂದರೆ ಇರಬಹುದು

ಎಂಜಿನಿಯರಿಂಗ್ ಕಾಲೇಜೊಂದರ ಗಣಕಯಂತ್ರಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡಿರುವ ಓದುಗರೊಬ್ಬರು ಕೇಳಿರುವ ಪ್ರಶ್ನೆ ಬಹು ಸೊಗಸಾದದ್ದು. ಗ್ರಂಥಾಲಯಕ್ಕೊಂದು, ವಿದ್ಯಾರ್ಥಿನಿಲಯಕ್ಕೊಂದು, ಪ್ರಯೋಗಶಾಲೆಗೊಂದು ಎಂದು ಅವರಲ್ಲಿ ಮೂರು ಪ್ರಾಕ್ಸಿ ಸರ್ವರುಗಳಿವೆಯಂತೆ. ಒಂದೊಂದೂ ತನ್ನ ಬಳಕೆದಾರರು ತರಿಸಿಕೊಂಡ ಪುಟಗಳ ಪ್ರತಿಯನ್ನು ತನ್ನ ಕ್ಯಾಶ್‌ನಲ್ಲಿ ಕಾದಿರಿಸಿಕೊಳ್ಳುತ್ತದೆಯಾದರೂ, ಗ್ರಂಥಾಲಯದ ಯಂತ್ರದಲ್ಲಿ ಆಗಲೇ ಬಂದು ಕುಳಿತಿರುವ ಪುಟವನ್ನೇ ವಿದ್ಯಾರ್ಥಿನಿಲಯದ ಯಂತ್ರವು ಮತ್ತೊಮ್ಮೆ ಸಮುದ್ರದಾಚೆಯಿಂದ ತರಿಸುತ್ತದೆ. ಒಂದರ ಹೊಟ್ಟೆಯಲ್ಲಿರುವುದು ಇನ್ನೊಂದಕ್ಕೆ ತಿಳಿಯುವ ಬಗೆ ಎಂತು ಎಂಬುದು ಅವರ ಜಿಜ್ಞಾಸೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆಯು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ಟನ್ನು ತೆರೆದಿಟ್ಟ ಕಾಲವನ್ನು ಬಲ್ಲವರಿಗೆ, ಚಿತ್ರವೊಂದು ಗೆರೆಗೆರೆಯಾಗಿ ಪರದೆಯ ಮೇಲೆ ಇಳಿದು ಬರುವುದನ್ನು ಕಾದು ಕುಳಿತವರಿಗೆ, ಈ ಜಿಜ್ಞಾಸೆಯ ಹಿಂದಿನ ತಳಮಳ ಸುಲಭವಾಗಿ ಅರ್ಥವಾದೀತು. ಆ ದಿನಗಳಲ್ಲಿಯೇ ಅಮೆರಿಕದ ಕೊಲೊರಾಡೊ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಹಾರ್ವೆಸ್ಟ್ ಎಂಬ ಯೋಜನೆಯಲ್ಲಿ ಇದಕ್ಕೊಂದು ದಾರಿಯನ್ನು ಕಂಡುಹಿಡಿದರು. ಅದರ ಸಂತಾನವಾಗಿ 1996ರಲ್ಲಿ ಡ್ವೇನ್ ವೆಸಲ್ಸ್ ಎಂಬವರ ಕೈಯಲ್ಲಿ ಸ್ಕ್ವಿಡ್ ಎಂಬ ತಂತ್ರಾಂಶ ಹುಟ್ಟಿತು. ಯಂತ್ರಯಂತ್ರಗಳ ನಡುವಣ ಸಂಭಾಷಣೆಯ ಕ್ರಮವು ಐಸಿಪಿ ಎಂಬ ಹೆಸರಿನಿಂದ 1997ರಲ್ಲಿ ಲಿಖಿತರೂಪವನ್ನು ಪಡೆಯಿತು. ಈ ತಂತ್ರಾಂಶದಲ್ಲಿ ಯಂತ್ರಗಳಿಗೆ ಬಂಧುತ್ವವೂ ಉಂಟು. ಹೆತ್ತವರ ಸ್ಥಾನದಲ್ಲಿರುವ ಯಂತ್ರವು ತನ್ನಲ್ಲಿಲ್ಲದ್ದನ್ನೂ ಮಗುವಿಗಾಗಿ ಹೊರಗಿನಿಂದ ತಂದುಕೊಡುತ್ತದೆ. ಒಡಹುಟ್ಟಿದ್ದು ಮಾತ್ರ ತನ್ನಲ್ಲಿದ್ದರಷ್ಟೇ ಕೊಡುತ್ತದೆ, ಇಲ್ಲವಾದರೆ ಕೈ ಚೆಲ್ಲುತ್ತದೆ. ಕುಟುಂಬಗಳನ್ನು ಬಲ್ಲವರು ಇದಕ್ಕೆ ಆಶ್ಚರ್ಯಪಡಲಾರರು.

ಐಸಿಪಿಯ ರೀತಿ ಸರಳವಾದದ್ದು. ಹೆಪ್ಪಿಲ್ಲದ ಮನೆಯವರು ಬೀದಿಯ ಎಲ್ಲ ಮನೆಗಳಿಗೂ ಏಕಕಾಲದಲ್ಲಿ ಕೂಗಿ ಕೇಳುವಂತೆ, ಪುಟವಿಲ್ಲದ ಯಂತ್ರವು ನೆರೆಯ ಯಂತ್ರಗಳಿಗೆಲ್ಲ ಒಂದೊಂದು ಕಿರುಸಂದೇಶವನ್ನು ಕಳುಹಿಸುತ್ತದೆ; ಉಂಟೆಂದು ಯಾರಾದರೂ ಹೇಳಿದೊಡನೆ ಅಲ್ಲಿಂದ ತರಿಸಿಕೊಳ್ಳುತ್ತದೆ; ಯಾರಲ್ಲಿಯೂ ಇಲ್ಲದಿದ್ದರೆ ಆ ಎಲ್ಲ ಇಲ್ಲಗಳೂ ಬಂದು ಸೇರುವವರೆಗೆ, ಇಲ್ಲವೆ ಅವಧಿ ಮುಗಿಯುವವರೆಗೆ, ಕಾದು ಕೂರುತ್ತದೆ. ಯಂತ್ರಗಳು ಮೂರಿದ್ದಾಗ ಇದು ಹೊರೆಯಲ್ಲ. ಹದಿನಾರಿದ್ದಾಗಲಾದರೋ, ಸಿಗದ ಒಂದೊಂದು ಪುಟಕ್ಕೂ ಹದಿನೈದು ಪ್ರಶ್ನೆಗಳು ಹೊರಟು ಹದಿನೈದು ಉತ್ತರಗಳು ಬರಬೇಕು. ಪುಟ ದೊರೆಯುವುದಕ್ಕಿಂತ ದೊರೆಯದಿರುವ ಸಂದರ್ಭಗಳೇ ಅಧಿಕವಾದುದರಿಂದ, ಈ ಗದ್ದಲದ ಬಹುಭಾಗವು ಇಲ್ಲವೆಂಬ ಮಾತಿನ ವಿನಿಮಯದಲ್ಲಿಯೇ ವ್ಯಯವಾಗುತ್ತದೆ.

ಹಾಗಾದರೆ ಒಂದೊಂದು ಯಂತ್ರವೂ ತನ್ನಲ್ಲಿರುವುದರ ಪಟ್ಟಿಯನ್ನು ಮುಂಚಿತವಾಗಿಯೇ ನೆರೆಯವರಿಗೆ ಕೊಟ್ಟರಾಗದೆ? ಆದೀತು, ಆದರೆ ಹತ್ತು ಲಕ್ಷ ಪುಟಗಳಿದ್ದು ಒಂದೊಂದರ ವಿಳಾಸಕ್ಕೆ ಐವತ್ತು ಅಕ್ಷರಗಳೆಂದರೂ ಪಟ್ಟಿಯೇ ಐದು ಕೋಟಿ ಬೈಟುಗಳಷ್ಟಾಗುತ್ತದೆ. ಇಲ್ಲಿಯೇ ನನ್ನನ್ನು ಬಹುಕಾಲದಿಂದ ಮರುಳುಮಾಡಿರುವ ಉಪಾಯವೊಂದು ರಂಗಕ್ಕೆ ಬರುತ್ತದೆ.

ಅದನ್ನು ಕಂಡುಹಿಡಿದವರು ಬರ್ಟನ್ ಬ್ಲೂಮ್; ವರ್ಷ 1970. ಅವರು ಉದಾಹರಣೆಗೆ ಎತ್ತಿಕೊಂಡದ್ದು, ಇಂಗ್ಲಿಷ್ ಪದಗಳನ್ನು ಸಾಲಿನ ಕೊನೆಯಲ್ಲಿ ಒಡೆದು ಅಡ್ಡಗೆರೆ ಹಾಕುವ ಕೆಲಸ. ಐದು ಲಕ್ಷ ಪದಗಳಲ್ಲಿ ನೂರಕ್ಕೆ ತೊಂಬತ್ತನ್ನು ನಿಯಮದಿಂದಲೇ ಒಡೆಯಬಹುದು. ಉಳಿದ ಹತ್ತಕ್ಕೆ ಮಾತ್ರ ನಿಧಾನವಾದ ಡಿಸ್ಕಿನಲ್ಲಿರುವ ನಿಘಂಟನ್ನು ನೋಡಬೇಕು. ನೋಡಬೇಕಾದವು ಯಾವುವೆಂಬುದನ್ನು ಅತ್ಯಲ್ಪ ಸ್ಥಳದಲ್ಲಿ ನೆನಪಿಡುವ ಬಗೆ ಹೇಗೆ? ಬ್ಲೂಮ್ ಅವರು ಕಂಡ ದಾರಿ, ನೆನಪಿಗೆ ಸ್ವಲ್ಪ ತಪ್ಪುವ ಸ್ವಾತಂತ್ರ್ಯವನ್ನು ಕೊಡುವುದು, ಆದರೆ ಒಂದೇ ದಿಕ್ಕಿನಲ್ಲಿ.

ಸ್ಕ್ವಿಡ್‌ನಲ್ಲಿ ಇದೇ ಉಪಾಯವು ಕೆಲಸಮಾಡುವ ಬಗೆ ಹೀಗೆ. ಮೊದಲು ಸೊನ್ನೆಗಳ ಒಂದು ದೀರ್ಘವಾದ ಸಾಲು. ಪುಟವೊಂದು ಕ್ಯಾಶ್‌ಗೆ ಸೇರಿದಾಗ ಅದರ ವಿಳಾಸವನ್ನು ಗಣಿತಸೂತ್ರವೊಂದಕ್ಕೆ ಒಡ್ಡಿ ನಾಲ್ಕು ಸಂಖ್ಯೆಗಳನ್ನು ಪಡೆದು, ಸಾಲಿನಲ್ಲಿ ಆ ನಾಲ್ಕು ಸ್ಥಾನಗಳ ಸೊನ್ನೆಯನ್ನು ಒಂದಾಗಿಸುತ್ತಾರೆ. ವಿಳಾಸವನ್ನು ಎಲ್ಲಿಯೂ ಬರೆದಿಡುವುದಿಲ್ಲ. ಮುಂದೆ ಯಾವುದೋ ಪುಟ ಬೇಕಾದಾಗ ಅದೇ ಸೂತ್ರದಿಂದ ಅದರ ನಾಲ್ಕು ಸ್ಥಾನಗಳನ್ನು ಕಂಡುಕೊಂಡು ನೋಡುವುದು: ಒಂದರಲ್ಲಾದರೂ ಸೊನ್ನೆ ಉಳಿದಿದ್ದರೆ ಆ ಪುಟವು ಎಂದಿಗೂ ಸೇರಿಲ್ಲ, ಸಂಶಯವೇ ಬೇಡ, ನಾಲ್ಕೂ ಒಂದಾಗಿದ್ದರೆ ಸೇರಿರಬಹುದು, ಅಥವಾ ಬೇರೆ ಬೇರೆ ಪುಟಗಳು ಹಾಕಿಹೋದ ಗುರುತುಗಳೇ ಕಾಕತಾಳೀಯವಾಗಿ ಅಲ್ಲಿ ಕೂಡಿಬಂದಿರಬಹುದು. ಇಲ್ಲವೆಂಬುದರಲ್ಲಿ ಸುಳ್ಳಿಲ್ಲ, ಉಂಟೆಂಬುದರಲ್ಲಿ ಮಾತ್ರ ಅಷ್ಟಿಷ್ಟು. ಸಾಲಿನ ಉದ್ದವನ್ನು ಗೊತ್ತುಮಾಡುವಾಗ ಪುಟವೊಂದಕ್ಕೆ ಐದು ಸ್ಥಾನಗಳನ್ನು, ಎಂದರೆ ಐದು ಬಿಟ್‌ಗಳನ್ನು ಕೊಟ್ಟರೆ, ಇಲ್ಲದ ಪುಟಗಳಲ್ಲಿ ನೂರಕ್ಕೆ ಸುಮಾರು ಒಂಬತ್ತಕ್ಕೆ ಉಂಟೆಂಬ ಸುಳ್ಳು ಬರುತ್ತದೆ. ಹತ್ತು ಬಿಟ್‌ಗಳನ್ನು ಕೊಟ್ಟರೆ ಅದು ಒಂದರ ಸಮೀಪಕ್ಕೆ ಇಳಿಯುತ್ತದೆ. ಐದರಂತೆ ಲೆಕ್ಕ ಹಾಕಿದರೂ ಆ ಐದು ಕೋಟಿ ಬೈಟುಗಳ ಪಟ್ಟಿಯು ಆರೂಕಾಲು ಲಕ್ಷ ಬೈಟುಗಳಿಗೆ ಕುಗ್ಗಿತು! ಸುಳ್ಳಿಗೆ ತೆರಬೇಕಾದ ದಂಡವಾದರೂ ಏನು? ನೆರೆಯವನಲ್ಲಿಗೆ ಒಮ್ಮೆ ವ್ಯರ್ಥವಾಗಿ ಹೋಗಿ ಬರುವುದು, ಅಷ್ಟೆ. 1998ರಲ್ಲಿ ಅಲೆಕ್ಸ್ ರುಸ್ಕೋವ್ ಮತ್ತು ವೆಸಲ್ಸ್ ಅವರು ಇದನ್ನು ಸ್ಕ್ವಿಡ್‌ಗೆ ಅಳವಡಿಸಿದರು. ಅದೇ ವರ್ಷ ಲಿ ಫಾನ್, ಪೇ ಕಾವ್ ಮೊದಲಾದವರು ಇದೇ ಮಾರ್ಗವನ್ನು ಹಿಡಿದು, ಐಸಿಪಿಗೆ ಹೋಲಿಸಿದರೆ ಯಂತ್ರಗಳ ನಡುವಣ ಸಂದೇಶಗಳು ಇಪ್ಪತ್ತೈದರಿಂದ ಅರುವತ್ತು ಪಟ್ಟು ಕಡಿಮೆಯಾಗುವುದನ್ನು ತೋರಿಸಿಕೊಟ್ಟರು.

ಒಂದು ತೊಡಕುಂಟು. ಹಾಕಿದ ಗುರುತನ್ನು ಅಳಿಸುವಂತಿಲ್ಲ. ಅಳಿಸಿದರೆ ಅದೇ ಸ್ಥಾನವನ್ನು ಹಂಚಿಕೊಂಡಿರುವ ಬೇರೊಂದು ಪುಟದ ಗುರುತೂ ಹೋದೀತು. ಆದುದರಿಂದ ಸ್ಕ್ವಿಡ್ ಯಂತ್ರವು ಸಾಮಾನ್ಯವಾಗಿ ಗಂಟೆಗೊಮ್ಮೆ ಇಡೀ ಸಾಲನ್ನು ಹೊಸದಾಗಿ ಕಟ್ಟುತ್ತದೆ, ನೆರೆಯವರು ಆ ಹೊಸ ಪ್ರತಿಯನ್ನು ಒಯ್ಯುತ್ತಾರೆ. ಪ್ರತಿ ಹಳತಾದಷ್ಟೂ, ಇಲ್ಲವೆಂಬ ಮಾತು ಕೂಡ ಹಳೆಯ ಸುದ್ದಿಯಾಗುತ್ತದೆ.

ಇಲ್ಲಿ ಒಂದು ಮೂಢನಂಬಿಕೆಯನ್ನು ಕುರಿತು ಎರಡು ಕಟುವಾದ ಮಾತುಗಳನ್ನಾಡದೆ ಮುಂದೆ ಹೋಗಲಾರೆ. ಆಯುಧಪೂಜೆಯಂದು ಸರ್ವರಿಗೆ ಕುಂಕುಮವಿಟ್ಟು ಹೂ ಮುಡಿಸುವುದಕ್ಕೆ ನನ್ನ ಆಕ್ಷೇಪವಿಲ್ಲ, ಹೂವು ಗಾಳಿಯ ಕಿಂಡಿಗೆ ಅಡ್ಡವಾಗದಿದ್ದರೆ ಸಾಕು. ಆದರೆ ಪುಟ ತೆರೆಯದಿದ್ದರೂ, ಮುದ್ರಣಯಂತ್ರ ಕೆಟ್ಟಿದ್ದರೂ, ಗುಪ್ತಪದ ಮರೆತಿದ್ದರೂ "ಕ್ಯಾಶ್ ಕ್ಲಿಯರ್ ಮಾಡಿ" ಎಂಬ ಮಂತ್ರವನ್ನು ಸರ್ವರೋಗನಿವಾರಣೆಯೆಂದು ಜಪಿಸುವ ವಿದ್ಯಾವಂತರನ್ನು ಕಂಡರೆ ನನ್ನ ತಾಳ್ಮೆ ಕೆಡುತ್ತದೆ. ಕಾದಿರಿಸಿದ ಪುಟಕ್ಕೆ ಅವಧಿ ನಿಗದಿಯಾಗಿರುತ್ತದೆ. ಅವಧಿ ಮೀರಿದ ಪುಟವು ಇಂಥ ದಿನದಿಂದೀಚೆಗೆ ಬದಲಾಗಿದೆಯೆ ಎಂದು ಪ್ರಾಕ್ಸಿಯು ಮೂಲಸ್ಥಾನವನ್ನೇ ವಿಚಾರಿಸುತ್ತದೆ. ಹಂಚಿಕೊಂಡ ಕ್ಯಾಶನ್ನು ಒಬ್ಬನು ತನ್ನ ಒಂದು ಪುಟದ ಸಲುವಾಗಿ ಬರಿದುಮಾಡಿದರೆ, ನೂರಾರು ಜನರ ಸಂಗ್ರಹ ಹಾಳಾಗುವುದಲ್ಲದೆ, ಹಳೆಯ ಸಾಲನ್ನು ನಂಬಿದ ನೆರೆಯ ಯಂತ್ರಗಳೂ ಮುಂದಿನ ಪ್ರತಿ ಬರುವತನಕ ಬಂದು ಬಂದು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಕೇಳುವ ಗೊಡವೆಯೇ ಬೇಡ, ಯಾವ ಪುಟ ಯಾವ ಯಂತ್ರಕ್ಕೆ ಸೇರತಕ್ಕದ್ದೆಂದು ಗಣಿತವೇ ಹಂಚಿಕೊಡಲಿ ಎನ್ನುವ ಪಂಥವೂ ಉಂಟು. ವಿಳಾಸದಿಂದ ಪಡೆದ ಸಂಖ್ಯೆಯನ್ನು ಯಂತ್ರಗಳ ಎಣಿಕೆಯಾದ ಮೂರರಿಂದ ಭಾಗಿಸಿ ಶೇಷವನ್ನು ನೋಡಿ ಹಂಚಿದರೆ, ನಾಲ್ಕನೆಯ ಯಂತ್ರ ಬಂದ ದಿನ ಮುಕ್ಕಾಲು ಪಾಲು ಪುಟಗಳು ಯಜಮಾನನನ್ನು ಬದಲಿಸಬೇಕಾಗುತ್ತದೆ. 1997ರಲ್ಲಿ ಎಂಐಟಿಯ ಡೇವಿಡ್ ಕಾರ್ಗರ್ ಮತ್ತು ಸಂಗಡಿಗರು ಸೂಚಿಸಿದ ಕ್ರಮದಲ್ಲಿ ಹೆಚ್ಚುಕಡಮೆ ಕಾಲು ಪಾಲು ಮಾತ್ರ. ಅವರಲ್ಲಿ ಇಬ್ಬರು ಮರುವರ್ಷ ಅಕಮೈ ಸಂಸ್ಥೆಯ ಸ್ಥಾಪನೆಯಲ್ಲಿ ಪಾಲುಗೊಂಡರು. ಬ್ಲೂಮ್ ಅವರ ಸಾಲು ಆ ಸಂಸ್ಥೆಯನ್ನೂ ಸೇರಿತು, ಬೇರೊಂದು ಕೆಲಸಕ್ಕಾಗಿ: ಅಲ್ಲಿನ ಸರ್ವರುಗಳಿಂದ ಜನ ಕೇಳುವ ವಸ್ತುಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಒಂದೇ ಒಂದು ಬಾರಿ ಕೇಳಲಾಗುತ್ತದೆಂದು 2015ರ ಪ್ರಬಂಧವೊಂದು ತಿಳಿಸುತ್ತದೆ, ಎರಡನೆಯ ಬಾರಿ ಕೇಳಿದುದನ್ನಷ್ಟೇ ಡಿಸ್ಕಿಗೆ ಸೇರಿಸಲು ಈ ಸಾಲು ನೆರವಾಗುತ್ತದೆ.

ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಇಷ್ಟು. ಒಂದೇ ಆವರಣದ ಮೂರು ಯಂತ್ರಗಳಿಗೆ ಐಸಿಪಿಯೇ ಸಾಕು. ಒಂದನ್ನೊಂದು ಒಡಹುಟ್ಟುಗಳೆಂದು ನಮೂದಿಸಿ, 3130ನೆಯ ಪೋರ್ಟನ್ನು ಅವುಗಳ ನಡುವೆ ತೆರೆದಿಡಿ. ಆದರೆ ಇಂದಿನ ಪುಟಗಳಲ್ಲಿ ಬಹುಪಾಲು ಗೂಢಲಿಪೀಕರಣಗೊಂಡು ಬರುವುದರಿಂದ ಪ್ರಾಕ್ಸಿಯು ಅವುಗಳ ಒಳಗನ್ನು ಕಾಣಲಾರದು. ನಿಮಗೆ ಉಳಿತಾಯ ಕಾಣುವುದು ಮುಖ್ಯವಾಗಿ, ಇನ್ನೂ ತೆರೆದ ಮಾರ್ಗದಲ್ಲಿಯೇ ಬರುವ ಲಿನಕ್ಸ್ ತಂತ್ರಾಂಶದ ಕಟ್ಟುಗಳಲ್ಲಿ.