ಬಡ ಶಾಲೆಗಳೂ ಲೆಕ್ಕದ ಯಂತ್ರಗಳೂ

ಬಡ ಶಾಲೆಗಳಿಗೆ ಯಂತ್ರಗಳನ್ನು ಹಂಚಿದೊಡನೆ ಮಕ್ಕಳಿಗೆ ಲೆಕ್ಕವು ತಾನಾಗಿ ಬರುವುದೆಂಬ ನಂಬಿಕೆಯು ನಮ್ಮವರಲ್ಲಿ ಅನೇಕರಿಗಿದೆ. ಅನುಭವವಾದರೋ ಬೇರೆ ಮಾತನ್ನು ಹೇಳುತ್ತದೆ.

ಪೆರು ದೇಶದ ಸರಕಾರವು 8 ಲಕ್ಷಕ್ಕೂ ಮಿಕ್ಕಿ ಲ್ಯಾಪ್‌ಟಾಪುಗಳನ್ನು ಕೊಂಡು ಮಕ್ಕಳಿಗೆ ಹಂಚಿತು. 319 ಗ್ರಾಮಶಾಲೆಗಳನ್ನು ಪರಿಶೀಲಿಸಿದ ತಜ್ಞರು, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳು ಮುಂದುವರಿದ ಕುರುಹು ಕಾಣಲಿಲ್ಲವೆಂದು 2012ರಲ್ಲಿ ವರದಿಮಾಡಿದರು.

2020ರಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ, ಆಫ್ರಿಕದ ಬೋಟ್ಸ್ವಾನದಲ್ಲಿ ಮನೆಮನೆಯ ಸಾಧಾರಣ ಮೊಬೈಲನ್ನೇ ಉಪಯೋಗಿಸಿದರು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕಗಳ ಸಂದೇಶವು ಮಾತ್ರ ಹೋಯಿತು. ಮತ್ತೆ ಕೆಲವಕ್ಕೆ ಬೋಧಕರು ಸಂದೇಶದೊಡನೆ ಕರೆಯನ್ನೂ ಮಾಡಿ, ಸುಮಾರು 20 ನಿಮಿಷ ಮಗುವಿನೊಡನೆ ಕೂಡಿ ಲೆಕ್ಕವನ್ನು ಬಿಡಿಸಿದರು. ಬರಿಯ ಸಂದೇಶವು ಫಲ ಕೊಡಲಿಲ್ಲ. ಕರೆ ಬಂದ ಮನೆಗಳಲ್ಲಿ ಕಲಿಕೆಯು ಹೆಚ್ಚಿತು. ತರುವಾಯ ಭಾರತವೂ ಸೇರಿ ಐದು ದೇಶಗಳಲ್ಲಿ ಕರೆಯ ಪ್ರಯೋಗವು ಫಲಿಸಿತು. ಸರಕಾರಿ ಉಪಾಧ್ಯಾಯರು ಕರೆಮಾಡಿದಾಗಲೂ ಫಲಿಸಿತು.

ಕಾರಣವು ಗೂಢವಲ್ಲ. ಹತ್ತರ ಸ್ಥಾನದಿಂದ ಸಾಲ ತಂದು ಕಳೆಯಲರಿಯದ ಮಗುವಿಗೆ ಭಾಗಾಕಾರವನ್ನು ತೋರಿಸಿ ಪ್ರಯೋಜನವಿಲ್ಲ. ಅದು ಎಲ್ಲಿ ಎಡವಿತೆಂಬುದನ್ನು ಕೇಳಿ ತಿಳಿದು, ಅಲ್ಲಿಂದಲೇ ಕೈಹಿಡಿದು ನಡೆಸಬೇಕು.

ಯಂತ್ರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಖರೀದಿಯ ಪಟ್ಟಿಯನ್ನು ಬರೆಯುವಾಗ, ಮಗುವಿನೊಡನೆ ಮಾತನಾಡಲು ಉಪಾಧ್ಯಾಯರಿಗೆ ವಾರದಲ್ಲಿ ಎಷ್ಟು ಬಿಡುವಿದೆಯೆಂಬುದನ್ನೂ ವಿದ್ಯಾ ಇಲಾಖೆಯವರು ಪಕ್ಕದಲ್ಲಿ ಬರೆಯಲಿ. ಆ ಅಂಕಿಯು ಸೊನ್ನೆಯಾದಲ್ಲಿ, ವೆಚ್ಚಮಾಡಿದುದನ್ನೆಲ್ಲ ಸೊನ್ನೆಯಿಂದ ಗುಣಿಸಿದಂತಾಗುವುದು.